ಭೀಮಸೇನರಾಯರು ಆರಿಸಿದ ಮೆತ್ತನೆಯ ಕ್ಲೇ ಬಾರ್

ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಎಂದರೆ ಭೀಮಸೇನರಾಯರಿಗೆ ಹಬ್ಬದ ಮುನ್ನಾದಿನ. ಮೇಜಿನ ಮೇಲಿನ ಫೈಲು ಬೀರುವಿಗೆ, ಮೂಲೆಯ ಬಲೆ ಪೊರಕೆಗೆ, ಕಾಲು ಮುರಿದ ಕುರ್ಚಿ ಹಿತ್ತಿಲಿಗೆ. ಧಾರವಾಡದಲ್ಲಿ ಗುಮಾಸ್ತರಾಗಿ ಸೇರಿ, ವರ್ಗದ ಮೇಲೆ ವರ್ಗವಾಗಿ ಅಹಮದಾಬಾದು ಮುಟ್ಟುವಷ್ಟರಲ್ಲಿ ಅವರು ಕಲಿತ ದೊಡ್ಡ ವಿದ್ಯೆ ಇದು: ಮೇಲಿನವರು ಬರುತ್ತಾರೆಂದರೆ ಹೊಲಸು ಕಾಣಬಾರದು. ತೊಂಬತ್ತೇಳರ ಚಳಿಗಾಲದಲ್ಲಿ ಈ ವಿದ್ಯೆಯೇ ಅವರನ್ನು ಮುಳುಗಿಸಿತು.

ಬ್ಯಾಂಕು ಕೊಟ್ಟ ಫ್ಲ್ಯಾಟು ಊರಂಚಿನ ವಟ್ವಾದಲ್ಲಿ ಒಂದು ಬಣ್ಣದ ಕಾರ್ಖಾನೆಯ ಬೆನ್ನಿಗೆ ಅಂಟಿಕೊಂಡಿತ್ತು. ಅತ್ತ ಕಡೆಯಿಂದ ಗಾಳಿ ಬೀಸಿದಾಗೆಲ್ಲ ಅವರ ಹೆಂಡತಿ ಇಂದಿರಾಬಾಯಿಗೆ ಉಸಿರು ಕಟ್ಟುತ್ತಿತ್ತು. ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಬಾಗಿ ಕೂತೇ ಬೆಳಗು ಮಾಡುತ್ತಿದ್ದರು. ಡಾಕ್ಟರು ಕೈ ಚೆಲ್ಲಿ, "ಮನೆ ಬದಲಿಸಿ, ಇಲ್ಲ ಗಾಳಿ ಬದಲಿಸಿ" ಎಂದಿದ್ದರು. ಮನೆ ಬದಲಾಗಬೇಕಾದರೆ ವರ್ಗವಾಗಬೇಕು. ರಾಯರ ಅರ್ಜಿ ಮೇಲಿನ ಕಚೇರಿಯಲ್ಲಿ ಮಲಗಿತ್ತು. ಉಳಿದದ್ದು ಗಾಳಿ.

ರಾಯರು ಆ ಫ್ಲ್ಯಾಟುಗಳ ಸೊಸೈಟಿಯ ಕಾರ್ಯದರ್ಶಿ. ಹೊಗೆಯ ಮೇಲೆ ಸರ್ಕಾರಕ್ಕೆ ದೂರು ಬರೆದರು, ಹೆಂಡತಿಯ ಉಸಿರಾಟದ ವಿಷಯವನ್ನೂ ಬರೆದರು. ಯಾರೂ ಬರಲಿಲ್ಲ. ಕೆಳಗಿನ ಮನೆಯ ಪದ್ಮನಾಭ, ರೈಲ್ವೆಯವನು, ದಾರಿ ತೋರಿಸಿದ.

"ಕೆಮ್ಮು ಯಾರಿಗೆ ಬೇಕು ಸಾರ್? ಕಾರು ಹಾಳಾಯ್ತು ಅಂತ ಬರೀರಿ. ಓಡಿ ಬರ್ತಾರೆ."

ಬರೆದರು. ಇಲ್ಲಿನ ಪ್ರತಿ ಕಾರಿನ ಮೇಲೂ ಕಿತ್ತಳೆ ಚುಕ್ಕಿ ಕೂತಿದೆ, ತೊಳೆದರೆ ಹೋಗುವುದಿಲ್ಲ, ಬಾನೆಟ್ಟು ಮುಟ್ಟಿದರೆ ರವೆ ಮುಟ್ಟಿದ ಹಾಗಿದೆ ಎಂದು. ಹೆಂಗಸಿನ ಎದೆಗಿಂತ ಮಾರುತಿ ಕಾರಿನ ಬಣ್ಣಕ್ಕೆ ಈ ದೇಶದಲ್ಲಿ ಹೆಚ್ಚಿನ ಮರ್ಯಾದೆ. ಸೋಮವಾರ ಬಂದು ನೋಡುತ್ತೇವೆ ಎಂದು ಉತ್ತರ ಬಂತು.

ಆ ಸುದ್ದಿ ಕಾರ್ಖಾನೆಗೂ ಮುಟ್ಟಿತು. ಶುಕ್ರವಾರ ಅಲ್ಲಿನ ಮ್ಯಾನೇಜರ್ ಕಿರೀಟಭಾಯಿ ಬೀಗರ ಮನೆಗೆ ಬಂದವನ ಹಾಗೆ ನಗುತ್ತ ಬಂದ. ಕೈಯಲ್ಲಿ ಸಾಬೂನಿನಷ್ಟು ದೊಡ್ಡ ಎರಡು ಗಟ್ಟಿ, ಒಂದು ಬಿಳಿ, ಒಂದು ಬೂದು.

"ಕ್ಲೇ ಬಾರ್, ಸಾಹೇಬ್. ಜಪಾನಿನ ಮಾಲು. ಸಾಬೂನು ನೀರು ಹಾಕಿ ಉಜ್ಜಿದರೆ ಬಣ್ಣಕ್ಕೆ ಕಚ್ಚಿಕೊಂಡದ್ದೆಲ್ಲ ಕಿತ್ತು ಬರುತ್ತೆ. ಬಿಳಿ ಮೆತ್ತಗೆ, ಬೂದು ಬಿರುಸು. ನೀವು ತಿಳಿದವರು, ಯಾವುದು ಒಳ್ಳೇದು ಆರಿಸಿ ಹೇಳಿ. ಎಲ್ಲರ ಕಾರಿಗೂ ಅದನ್ನೇ ಕಳಿಸ್ತೀವಿ. ದೊಡ್ಡ ಸಾಹೇಬರು ಬರ್ತಿದಾರೆ, ಸೊಸೈಟಿ ಚೆನ್ನಾಗಿ ಕಾಣಬೇಕಲ್ಲ."

ಚೆನ್ನಾಗಿ ಕಾಣಬೇಕು. ಆ ಮಾತು ರಾಯರ ಎಲುಬಿಗೇ ಹೋಗಿ ಕೂತಿತು.

ಶನಿವಾರವೆಲ್ಲ ಅದೇ ಕೆಲಸ. ತಮ್ಮ ಬಿಳಿ ಮಾರುತಿಯ ಡಿಕ್ಕಿಯ ಒಂದು ಮಗ್ಗುಲಿಗೆ ಬೂದು, ಇನ್ನೊಂದಕ್ಕೆ ಬಿಳಿ. ಗಟ್ಟಿಯನ್ನು ಚಪ್ಪಟೆ ಮಾಡುವುದು, ಹಗುರವಾಗಿ ತಿಕ್ಕುವುದು, ಕೊಳೆಯಾದ ಮೈ ಒಳಗೆ ಮಡಚಿ ಮತ್ತೆ ನಾದುವುದು. ಆಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರುವುದು; ಬರಿಗೈಗೆ ತಿಳಿಯದ ತರಿ ಹಾಗೆ ತಿಳಿಯುತ್ತದೆ. ಇಂದಿರಾಬಾಯಿ ಬಾಲ್ಕನಿಯಿಂದ ನೋಡಿದರು.

"ಏನ್ರೀ, ಇಷ್ಟ್ ವರ್ಷದಾಗ ಒಂದ್ ದಿನಾ ಚಪಾತಿ ಹಿಟ್ಟು ನಾದ್ಲಿಲ್ಲ. ಕಾರಿಗೆ ನಾದ್ಲಿಕ್ಕೆ ಹತ್ತೀರಿ."

"ಕಾರು ಉಪ್ಪು ಕಡಿಮಿ ಆತು ಅಂತ ಅನ್ನೂದಿಲ್ಲಲೇ" ಎಂದರು ರಾಯರು, ತಲೆ ಎತ್ತದೆ.

ಬೂದು ಬೇಗ ಕಿತ್ತಿತು, ಆದರೆ ಕೂದಲೆಳೆಯಂಥ ಗೀರು ಬಿಟ್ಟಿತು. ಬಿಳಿ ನಿಧಾನ, ಎರಡು ಸಲ ತಿಕ್ಕಿದ ಮೇಲೆ ಗೀರೂ ಇಲ್ಲ, ಚುಕ್ಕಿಯೂ ಇಲ್ಲ. ಯಾರ ಕಾರಿಗೂ ನೋವಾಗಬಾರದೆಂದು ರಾಯರು ಬಿಳಿಯದನ್ನೇ ಹೇಳಿದರು. ಬಿರುಸಿನದನ್ನು ಆರಿಸಿದ್ದರೆ ಗೀರಾದರೂ ಸಾಕ್ಷಿಗೆ ಉಳಿಯುತ್ತಿತ್ತು.

ಭಾನುವಾರ ಇಡೀ ಸೊಸೈಟಿ ಬಕೆಟ್ಟು ಹಿಡಿದು ಕೆಳಗಿಳಿಯಿತು. ಆಯುಧಪೂಜೆಗೂ ಯಾರೂ ಹಾಗೆ ತಿಕ್ಕಿದ್ದಿಲ್ಲ. ಸಂಜೆ ಸಾಲು ಕಾರುಗಳು ಕನ್ನಡಿಯಾಗಿ ನಿಂತಾಗ, ಚಹಾ ತಂದ ಇಂದಿರಾಬಾಯಿ ಕಪ್ಪನ್ನು ಕೈಯಲ್ಲೇ ಹಿಡಿದು ಕೇಳಿದರು.

"ನಾಳೆ ಬಂದವ್ರಿಗೆ ಏನ್ ತೋರಸ್ತೀರಿ?"

ರಾಯರು ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದರು. ಒಂದು ಚುಕ್ಕಿಯೂ ಉಳಿದಿರಲಿಲ್ಲ.

"ರಾತ್ರಿ ಮತ್ತ ಬೀಳ್ತದ ಬಿಡು" ಎಂದರು.

ಬೀಳಲಿಲ್ಲ. ಕಾರ್ಖಾನೆಯವರು ಆ ರಾತ್ರಿ ಹೊಗೆ ಬಿಡಲಿಲ್ಲ. ಇಂದಿರಾಬಾಯಿ ಎಷ್ಟೋ ತಿಂಗಳ ಮೇಲೆ ಅಡ್ಡಾಗಿ ಮಲಗಿ ನಿದ್ದೆ ಮಾಡಿದರು. ಬೆಳಿಗ್ಗೆ ಅವರ ಮುಖದ ಗೆಲುವು ನೋಡಿ ರಾಯರು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕೆಳಗಿಳಿದು ಬಾನೆಟ್ಟು ಸವರಿದರು; ಒಂದು ತರಿಯೂ ಸಿಗಲಿಲ್ಲ.

ಸಾಹೇಬರು ಬಂದರು. ಒಂದು ಬಾನೆಟ್ಟು ಸವರಿದರು, ಇನ್ನೊಂದು ಸವರಿದರು.

"ಎಲ್ಲಿದೆ ಚುಕ್ಕಿ?"

"ನಿನ್ನೆ ತನಕ ಇತ್ತು ಸಾರ್. ನಾವೇ ತೆಗೆದೆವು."

"ನಿನ್ನೆಯದನ್ನು ಇವತ್ತು ನಾನು ಹೇಗೆ ಬರೀಲಿ?" ಎಂದು ಅವರು ಇಂದಿರಾಬಾಯಿಯ ಕಡೆ ತಿರುಗಿದರು. "ಬೆಹೆನ್, ಉಸಿರಾಟ ಹೇಗಿದೆ?"

ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. "ಇವತ್ತು ಆರಾಮಿದೆ" ಎಂದರು ತಮ್ಮ ಹರಕು ಹಿಂದಿಯಲ್ಲಿ. "ರಾತ್ರಿ ಅವರು ಹೊಗೆ ಬಿಟ್ಟಿಲ್ಲ, ಅದಕ್ಕೆ." ಸಾಹೇಬರಿಗೆ ಮೊದಲ ಮಾತೇ ಸಾಕಾಗಿತ್ತು. ತೊಂದರೆ ಕಂಡುಬಂದಿಲ್ಲ ಎಂದು ಬರೆದುಕೊಂಡು ಜೀಪು ಹತ್ತಿದರು. ಕಿರೀಟಭಾಯಿ ಜೀಪಿನ ಬಾಗಿಲು ಹಾಕಿಕೊಟ್ಟ.

ಮರುದಿನ ಗಾಳಿ ತಿರುಗಿತು, ಚಿಮಣಿಯೂ ಬಾಯಿ ತೆರೆಯಿತು. ರಾಯರು ಹೊಸ ದೂರು ಹಿಡಿದು ಮನೆ ಮನೆಗೆ ಹೋದರು. ಪದ್ಮನಾಭನೇ ಸಹಿ ಹಾಕಲಿಲ್ಲ.

"ಒಮ್ಮೆ ಬಂದು ನೋಡಿ ಹೋದ್ರಲ್ಲ ಸಾರ್. ಇನ್ನು ವರ್ಷಾ ವರ್ಷಾ ಬಾರ್ ಕಳಿಸ್ತೀನಿ ಅಂದಿದಾನೆ ಕಿರೀಟಭಾಯಿ. ಸುಮ್ನೆ ಯಾಕೆ ಅವರ ಜೊತೆ ಜಗಳ ಕಟ್ಕೊಳ್ಳೋದು?"

ಓದು ಬಲ್ಲವರು, ಸರ್ಕಾರದ ಸಂಬಳ ತಿನ್ನುವವರು, ಅವರದೇ ಮಕ್ಕಳು ಅದೇ ಗಾಳಿ ಕುಡಿಯುವವರು. ಎಲ್ಲರದೂ ಅದೇ ಮಾತು. ಕಾರು ಹೊಳೆಯುತ್ತಿದ್ದರೆ ಅವರಿಗೆ ಸಾಕು.

ರಾಯರು ಮನೆಗೆ ಬಂದು ಕಿಟಕಿಗಳನ್ನೆಲ್ಲ ಮುಚ್ಚಿ, ಹೆಂಡತಿಯ ಎದುರು ಕೂತರು. ಯಾರೂ ಸಹಿ ಹಾಕಲಿಲ್ಲ ಎಂದು ಹೇಳಿದರು. ಆಕೆ ಬೈಯಲಿ ಎಂದು ಬಹಳ ಹೊತ್ತು ಕಾದರು. ಆಕೆ ಬೈಯಲಿಲ್ಲ. ಅಷ್ಟು ಉಸಿರು ಇರಲಿಲ್ಲ.