ಬೇರೆ ಸೀರೆ ಉಟ್ಟ ಕಥೆ

ಕುವೈಟಿನಲ್ಲಿ ಶುಕ್ರವಾರ ಊರಿಗೆಲ್ಲ ರಜೆ, ನರ್ಸಿಗೆ ಮಾತ್ರ ಅಲ್ಲ. ತಿಂಗಳಿಗೊಂದು ಶುಕ್ರವಾರ ಬಿಡುವು ಮಾಡಿಕೊಳ್ಳಲು ನಾನು ಯಾರ್ಯಾರದೋ ನೈಟ್ ಡ್ಯೂಟಿಯನ್ನು ತಲೆ ಮೇಲೆ ಹಾಕಿಕೊಳ್ಳುತ್ತಿದ್ದೆ. ನಿದ್ದೆಗಣ್ಣಿನಲ್ಲೇ ಅಹ್ಮದಿಯ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಆಯಿಲ್ ಕಂಪನಿಯ ಕ್ವಾರ್ಟರ್ಸಿನಲ್ಲಿ ಎಂಜಿನಿಯರರೊಬ್ಬರ ಹೆಂಡತಿ ಇದ್ದರು. ನಮಗೆಲ್ಲ ಹಿರಿಯರು, ನಾವು ಅವರನ್ನು ಅಹ್ಮದಿಯವರು ಎಂದೇ ಕರೆಯುತ್ತಿದ್ದೆವು. ಅವರ ಊಟದ ಮೇಜಿನ ಸುತ್ತ ಐದಾರು ಹೆಂಗಸರು ಕೂತು, ಬರೆದ ಕಥೆಗಳನ್ನು ಓದುವುದು ನಮ್ಮ ಸಾಹಿತ್ಯ ಸೇವೆ.

ಓದಿದ್ದು ಸಾಕಷ್ಟು ಜಮೆಯಾದಾಗ ಪುಸ್ತಕ ಮಾಡುತ್ತಿದ್ದೆವು. ಪ್ರಕಾಶಕರೂ ನಾವೇ, ಹಮಾಲರೂ ನಾವೇ. ಶರ್ಕ್ ಪೇಟೆಯ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬಳು ಟೈಪ್ ಮಾಡುತ್ತಿದ್ದಳು, ಮಂಗಳೂರಿನ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು, ರಜೆ ಮುಗಿಸಿ ಬರುವವರ ಪೆಟ್ಟಿಗೆಗಳಲ್ಲಿ ಒಣಮೀನು ಹಪ್ಪಳಗಳ ನಡುವೆ ಪ್ರತಿಗಳು ಬರುತ್ತಿದ್ದವು. ಬಿಡಿಸಿದರೆ ಶೃಂಗಾರದ ಕಥೆಗೂ ಸಿಗಡಿಯ ವಾಸನೆ.

ಪುಸ್ತಕದಲ್ಲಿ ಯಾವ ಕಥೆಗೂ ಬರೆದವರ ಹೆಸರಿಲ್ಲ. ಮೊದಲ ಪುಸ್ತಕದಲ್ಲಿ ಇತ್ತು. ಅದರಲ್ಲೊಬ್ಬಳು ದಿಂಬಿನಡಿ ಬೀಗದ ಕೈ ಇಟ್ಟು ಮಲಗುವ ಅತ್ತೆಯ ಬಗ್ಗೆ ಬರೆದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇ? ಇಲ್ಲಿ ಕನ್ನಡದವರೆಲ್ಲ ಅದೇ ಸಂಘದ ಕಾರ್ಯಕ್ರಮ, ಅದೇ ಅಂಗಡಿ, ಅದೇ ವಿಮಾನ. ಸುದ್ದಿ ಊರಿಗೆ ಮುಟ್ಟಿ, ತಿರುಗಿ ಬಂದು, ಆಕೆ ಬರೆಯುವುದನ್ನೇ ಬಿಟ್ಟಳು. ಆಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಕಥೆಗೂ ಬೇರೆ ಸೀರೆ ಉಡಿಸುವುದು. ಎಲ್ಲರೂ ಸೇರಿ ಕೆಲಸ, ಊರು, ಮಕ್ಕಳು, ಗಂಡನ ಚಟ ಎಲ್ಲವನ್ನೂ ಬದಲಾಯಿಸುವುದು. ಯಾರು ಬರೆದದ್ದೆಂದು ಹೊರಗೆ ಹೇಳಬಾರದು, ಗಂಡನಿಗೂ.

ನಾನು ವರ್ಷಗಟ್ಟಲೆ ಇನ್ನೊಬ್ಬರ ಕಥೆಗಳಿಗೆ ಸೀರೆ ಉಡಿಸಿದೆ. ಕೊನೆಗೆ ಒಂದು ಕಥೆ ಬರೆದೆ. ಅದನ್ನು ಕುವೈಟಿನವರು ಓದುವುದು ನನಗೆ ಬೇಕಿರಲಿಲ್ಲ. ಒಬ್ಬಳು ಓದಬೇಕಿತ್ತು, ನನ್ನ ಮಗಳು.

ಅವಳಿಗೆ ಹಲ್ಲು ಮೂಡುವ ಮೊದಲೇ ನಾನು ಅವಳನ್ನು ನನ್ನ ಅಕ್ಕನ ಮಡಿಲಲ್ಲಿ ಬಿಟ್ಟು ಇಲ್ಲಿಗೆ ಬಂದವಳು. ಗಂಡನಿಗೆ ಸಬ್ಹಾನ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಕೆಲಸ, ಕಂಪನಿಯ ಕ್ಯಾಂಪಿನಲ್ಲಿ ವಾಸ. ನನಗೆ ನರ್ಸುಗಳ ಹಾಸ್ಟೆಲು. ಮಗುವನ್ನು ಎಲ್ಲಿಡುವುದು? ಒಂದು ಫ್ಲಾಟು ಅಂತ ಮಾಡಿಕೊಳ್ಳುವಷ್ಟರಲ್ಲಿ ಅವಳು ಅಕ್ಕನನ್ನು ಬಿಟ್ಟು ಬರಲೊಲ್ಲದಷ್ಟು ದೊಡ್ಡವಳಾಗಿದ್ದಳು. ಅಕ್ಕನ ಹತ್ತಿರ ತುಳುವಿನಲ್ಲಿ ಜಗಳವಾಡುವ ಹುಡುಗಿ, ಫೋನಿನಲ್ಲಿ ನನ್ನ ಜೊತೆ ಟೀಚರ ಹತ್ತಿರ ಮಾತಾಡುವಂತೆ ಶಾಲೆಯ ಕನ್ನಡದಲ್ಲಿ ಮಾತಾಡುತ್ತಿದ್ದಳು. ಆ ಕನ್ನಡ ಕೇಳಿ ಕೇಳಿ ನನಗೆ ರೋಸಿಹೋಗಿತ್ತು. ಸರಿ, ಅದೇ ಕನ್ನಡದಲ್ಲಿ ಬರೆದುಬಿಡೋಣ ಎಂದು ಕೂತೆ.

ಕಥೆಯ ನಡುವೆ ಒಂದು ಪುಟ ಇತ್ತು. ಬಂದ ಹೊಸತರಲ್ಲಿ ಎದೆ ಹಾಲು ಕಟ್ಟಿ, ಯೂನಿಫಾರ್ಮಿನೊಳಗೆ ಟವೆಲ್ ಮಡಚಿಟ್ಟುಕೊಂಡು ಡ್ಯೂಟಿ ಮಾಡಿ, ಹಾಸ್ಟೆಲಿನ ಬಾತ್‌ರೂಮಿನಲ್ಲಿ ಬೇಸಿನ್ನಿಗೆ ಹಿಂಡಿ ಚೆಲ್ಲಿದ್ದು. ಉಳಿದದ್ದೆಲ್ಲ ಬರೆದದ್ದು ಆ ಪುಟಕ್ಕಾಗಿ.

ಅಹ್ಮದಿಯವರು ಕೇಳಿ ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಂಡ ಕೈಯಲ್ಲೇ ಪೆನ್ಸಿಲ್ ತಗೊಂಡರು.

"ನರ್ಸ್ ಬೇಡ ಮಾರಾಯ್ತಿ," ಎಂದರು. "ನಮ್ಮಲ್ಲಿ ನರ್ಸ್ ನೀನೊಬ್ಬಳೇ ಅಲ್ವಾ? ಬ್ಯೂಟಿ ಪಾರ್ಲರಿನವಳು ಅಂತ ಮಾಡುವ. ಮಗಳನ್ನು ಮಗ ಮಾಡುವ, ಮೂರು ವರ್ಷದವ."

ಮೂರು ವರ್ಷದ ಹುಡುಗ ಎಂದ ಮೇಲೆ ಹಾಲಿನ ಮಾತು ಬರುವಂತಿಲ್ಲ. ಟೈಪ್ ಮಾಡುವವಳು ಆ ಪುಟವನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಅದರ ಬದಲು ಏರ್‌ಪೋರ್ಟಿನ ಬಾಗಿಲಲ್ಲಿ ತಾಯಿ ಗೋಳೋ ಎಂದು ಅಳುವ ಹಾಗೆ ನಾಲ್ಕು ಸಾಲು ಸೇರಿಸಿದರು. ನನಗೆ ಸಿಟ್ಟು ಬಂದದ್ದು ನಿಜ. ಆದರೆ ರಾತ್ರಿಯಿಡೀ ವಾರ್ಡಿನಲ್ಲಿ ನಿಂತು ಬಂದವಳಿಗೆ ಸಿಟ್ಟು ಮಾಡುವುದಕ್ಕೂ ತ್ರಾಣ ಬೇಕಲ್ಲ. ಪದ್ಧತಿ ಪದ್ಧತಿಯೇ, ಇನ್ನೊಬ್ಬರ ಕಥೆಗೆ ಕತ್ತರಿ ಹಾಕುವಾಗ ನಾನೂ ಕೈ ಹಾಕಿದವಳೇ. ಯಾವ ಸೀರೆ ಉಟ್ಟರೂ ಹೆತ್ತವಳ ಧ್ವನಿ ಮಗಳಿಗೆ ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮಗಳು ಡಿಗ್ರಿ ಮುಗಿಸಿ ವಿಸಿಟ್ ವೀಸಾದಲ್ಲಿ ಮೊದಲ ಸಲ ಕುವೈಟಿಗೆ ಬಂದಳು. ಹೊಸ ಪುಸ್ತಕದ ಪ್ರತಿಗಳನ್ನು ತಂದವಳೂ ಅವಳೇ. ಒಂದು ಮಧ್ಯಾಹ್ನ ನಾನು ಡ್ಯೂಟಿಯಿಂದ ಬಂದಾಗ ಸೋಫಾದಲ್ಲಿ ಕಾಲು ಚಾಚಿ ಅದನ್ನೇ ಓದುತ್ತಿದ್ದಳು. ಎಷ್ಟನೇ ಪುಟ ಎಂದು ನಾನು ದೂರದಿಂದಲೇ ನೋಡಿದೆ. ಚಪ್ಪಲಿ ಕಳಚುವುದನ್ನೂ ಮರೆತು ನಿಂತಿದ್ದೆ.

ಓದಿ ಮುಗಿಸಿ ಚೆನ್ನಾಗಿದೆ ಎಂದಳು. ಪಾರ್ಲರಿನ ಹೆಂಗಸು ಪಾಪ ಎಂದಳು. ಮಡಚಿಟ್ಟು, ನನ್ನ ಮುಖ ನೋಡದೆ, ಇನ್ನೊಂದು ಮಾತು ಸೇರಿಸಿದಳು.

"ಈ ಅಮ್ಮ ಆದ್ರೂ ಬಿಟ್ಟು ಹೋಗುವಾಗ ಅತ್ತಿದ್ದಾಳೆ. ನೀವು ಅಳ್ಲೇ ಇಲ್ವಂತೆ. ತಿರುಗಿ ಕೂಡ ನೋಡ್ಲಿಲ್ಲಂತೆ. ದೊಡ್ಡಮ್ಮ ಹೇಳಿದ್ದಾರೆ."

ಅಕ್ಕ ಸುಳ್ಳು ಹೇಳುವವಳಲ್ಲ. ನಾನು ತಿರುಗಿ ನೋಡಿರಲಿಲ್ಲ. ನೋಡಿದ್ದರೆ ಆ ವಿಮಾನ ನನ್ನನ್ನು ಬಿಟ್ಟೇ ಹೋಗುತ್ತಿತ್ತು.

ಅದು ನಾನು ಬರೆದ ಕಥೆ ಎಂದೆ. ಅವಳು ಪುಸ್ತಕ ತೆರೆದು ಹೆಸರು ಹುಡುಕಿದಳು. ಹೆಸರಿರಲಿಲ್ಲ. ನಂಬಿದ ಹಾಗೆ ಕಾಣಲಿಲ್ಲ. ನಾನು ಪಕ್ಕದಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದತೊಡಗಿದೆ. ಮಗ ಎಂದು ಇದ್ದಲ್ಲಿ ಮಗಳು ಎಂದೆ, ಪಾರ್ಲರ್ ಇದ್ದಲ್ಲಿ ಆಸ್ಪತ್ರೆ. ಅವರು ಉಡಿಸಿದ್ದನ್ನು ಕಳಚಿ, ನನ್ನ ಹರಿದ ಸೀರೆಯನ್ನು ನಾನೇ ಅವಳ ಮುಂದೆ ಒಂದೊಂದು ನೆರಿಗೆಯಾಗಿ ಮತ್ತೆ ಉಡುತ್ತಿದ್ದೆ. ಏರ್‌ಪೋರ್ಟಿನ ಅಳುವಿನ ಸಾಲುಗಳು ಬಂದಾಗ ನಿಲ್ಲಿಸಿದೆ. ಇದು ಸುಳ್ಳು, ಇಲ್ಲಿ ಬೇರೆ ಒಂದು ಪುಟ ಇತ್ತು, ತೆಗೆದುಬಿಟ್ಟರು ಎಂದೆ.

ಅವಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಪುಸ್ತಕ ಬೇಡ. ಹಾಗೇ ಹೇಳಿ."

ಹಾಗೇ ಹೇಳಲು ಬರುತ್ತಿದ್ದರೆ ನಾನು ಕಥೆ ಯಾಕೆ ಬರೆಯುತ್ತಿದ್ದೆ? ಆದರೂ ಹೇಳಿದೆ. ಹಿಂದುಮುಂದಾಗಿ, ತಡವರಿಸಿ, ಅರ್ಧ ತುಳು ಅರ್ಧ ಕನ್ನಡದಲ್ಲಿ ಟವೆಲಿನ ಬಗ್ಗೆ, ಬೇಸಿನ್ನಿನ ಬಗ್ಗೆ ಹೇಳಿದೆ. ಅಹ್ಮದಿಯ ಮೇಜಿನಲ್ಲಿ ಓದಿದ್ದರೆ ಯಾರೂ ಇದನ್ನು ಕಥೆ ಎನ್ನುತ್ತಿರಲಿಲ್ಲ. ಕೇಳಿ ಮುಗಿಸಿ ಅವಳು, ಹಾಲು ನಿಲ್ಲುವುದಕ್ಕೆ ಔಷಧಿ ಏನೂ ಇಲ್ಲವೇ, ನೀವು ನರ್ಸ್ ಅಲ್ಲವೇ ಎಂದು ಕೇಳಿದಳು.

ಇದರ ಉತ್ತರವನ್ನು, ಅವರು ತೆಗೆದುಹಾಕಿದ ಆ ಪುಟದಲ್ಲೂ ನಾನು ಬರೆದಿರಲಿಲ್ಲ.

"ಮಾತ್ರೆ ಉಂಟು," ಎಂದೆ. "ನನ್ನ ಕೈಯಲ್ಲೇ ಬೇರೆಯವರಿಗೆ ಕೊಡ್ತಿದ್ದೆ. ನಾನು ತಗೊಳ್ಲಿಲ್ಲ."