ಬ್ಯಾಡ ಅಂದ್ರ ಇನ್ನೊಂದು ರೊಟ್ಟಿ

ನನ್ನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೊರಗಿತು. ಅದರ ಪಾಲಿನ ಶಕ್ತಿಯೆಲ್ಲ ನಾಲಿಗೆಗೆ ಹೋಗಿ ಸೇರಿತು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಆ ನಾಲಿಗೆಯೇ ನನಗೆ ಅನ್ನ ಹಾಕುತ್ತಿದೆ. ಬಸವಕಲ್ಯಾಣದ ಒಂದು ಸಣ್ಣ ಸಂಸ್ಥೆಯಲ್ಲಿ ನನ್ನ ನೌಕರಿ. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ನನ್ನ ಹಾಗೆ ಕುಂಟುವವರಿಗೆ ಎಲ್ಲಾದರೂ ಕೆಲಸ ಕೊಡಿಸಬೇಕು, ಕೊಡಿಸಿದ ಮೇಲೆ ಅದು ಕೈಬಿಟ್ಟು ಹೋಗದಂತೆ ಬೆನ್ನು ಹತ್ತಿ ನೋಡಿಕೊಳ್ಳಬೇಕು. ಕೊಡಿಸುವುದೇನೋ ಸುಲಭ. ಅಂಗಡಿಯ ಮೆಟ್ಟಿಲ ಮೇಲೆ ಕೂತು, ತಲೆ ತಿಂದು, ಜಗಳ ತೆಗೆದು ಕೊಡಿಸಿಬಿಡುತ್ತೇನೆ. ಉಳಿಸಿಕೊಡುವುದಿದೆಯಲ್ಲ, ಅದು ಜೀವ ಹಿಂಡಿಬಿಡುತ್ತದೆ.

ಹಿಂದೆ ಎರಡು ಗಾಲಿ ಹೆಚ್ಚಿಗೆ ಕೂಡಿಸಿದ ಸ್ಕೂಟರು ನನ್ನದು. ಅದರ ಮೇಲೆ ಹೆದ್ದಾರಿ ಹಿಡಿದು ಹುಮನಾಬಾದಿಗೆ ಹೊರಟೆನೆಂದರೆ ಲಾರಿಯವರು ಕಿಟಕಿಯಿಂದ ಮುಖ ಹೊರಹಾಕಿ ನೋಡುತ್ತಾರೆ. ನಾನೂ ಅವರಿಗಿಂತ ಜೋರಾಗಿ ಹಾರ್ನ್ ಹೊಡೆಯುತ್ತೇನೆ.

ಆ ವರ್ಷ ನನ್ನ ತಲೆಯಲ್ಲಿ ಕೂತಿದ್ದವಳು ಘಾಟಬೋರಾಳದ ಒಬ್ಬ ಹುಡುಗಿ. ಹುಟ್ಟಿನಿಂದ ಕಿವಿ ಕೇಳದು, ಹಾಗಾಗಿ ಮಾತೂ ಬಂದಿಲ್ಲ. ಅವ್ವ ಅಪ್ಪ ಇಬ್ಬರೂ ಹೊಲಗಳಿಗೆ ಕೂಲಿಗೆ ಹೋಗುವವರು. ಇಪ್ಪತ್ತು ದಾಟಿದ ಈ ಹುಡುಗಿಯನ್ನು ನಾನು ಮೊದಲು ಒಂದು ಬಟ್ಟೆ ಅಂಗಡಿಗೆ ಸೇರಿಸಿದ್ದೆ. ಒಂದೇ ದಿನಕ್ಕೆ ವಾಪಸ್ ಕಳಿಸಿದರು. ಏಕೆ? ಕರೆದರೆ ತಿರುಗಿ ನೋಡುವುದಿಲ್ಲವಂತೆ! ಕಿವಿ ಕೇಳದವಳು ಕರೆದರೆ ಹೇಗೆ ತಿರುಗಿಯಾಳು ಎಂದು ನಾನು ಅಲ್ಲಿ ಎಬ್ಬಿಸಿದ ಗದ್ದಲಕ್ಕೆ, ಸೀರೆ ನೋಡಲು ಬಂದ ಹೆಂಗಸರೆಲ್ಲ ಸೀರೆ ಬಿಟ್ಟು ನನ್ನನ್ನೇ ನೋಡುತ್ತ ನಿಂತರು. ಗದ್ದಲದಿಂದ ಏನೂ ಆಗಲಿಲ್ಲ. ಹುಡುಗಿ ಮನೆಯ ಮೂಲೆ ಹಿಡಿದಳು.

"ಇನ್ನೊಂದ್ ಸಲ ಯಾರರ ಹಿಂದಕ ಕಳಿಸಿದ್ರ ನನ್ನ ಮಗಳು ಮತ್ತ ಹೊಸ್ತಿಲ ದಾಟಂಗಿಲ್ರಿ, ನೋಡ್ರಿ ಮೇಡಂ," ಎಂದು ಅವಳ ಅವ್ವ ನನಗೆ ಹೇಳಿದಳು. ಬೆದರಿಕೆಯೇನಲ್ಲ, ಇದ್ದ ಮಾತು. ನನಗೂ ಹಾಗೇ ಅನ್ನಿಸಿತ್ತು.

ಹುಮನಾಬಾದಿನ ಮಾರ್ಕೆಟ್ ಯಾರ್ಡಿನ ಹತ್ತಿರ ಒಂದು ಖಾನಾವಳಿಯಿದೆ. ಅದನ್ನು ನಡೆಸುವಾಕೆ ಹಣೆ ತುಂಬ ವಿಭೂತಿ, ಕೈ ತುಂಬ ಹಸಿರು ಬಳೆ ಇಟ್ಟುಕೊಂಡು ರೊಕ್ಕದ ಗಲ್ಲೆಯ ಹಿಂದೆ ಕೂತಿರುತ್ತಾರೆ. ಊರಿಗೆಲ್ಲ ಅವರು ಅವ್ವಾರು. ಅವರ ಖಾನಾವಳಿಯಿಂದ ಯಾರೂ ಅರೆಹೊಟ್ಟೆಯಲ್ಲಿ ಎದ್ದು ಹೋಗಬಾರದು, ಅದೊಂದೇ ಅವರ ಹಟ. ಹುಡುಗಿಯನ್ನು ಕರೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದೆ.

"ಮೂಕಿನ್ನ ತಂದು ನನ್ನ ಕೊರಳಿಗೆ ಕಟ್ಟಾಕತ್ತೀರೇನ್ರಿ ಮೇಡಂ?" ಅಂದರು ಅವ್ವಾರು.

"ಮೂಕಿ ಗೀಕಿ ಅನಬ್ಯಾಡ್ರಿ ಅವ್ವಾರೆ. ಕಿವಿ ಕೇಳಂಗಿಲ್ಲ, ಅಷ್ಟ. ರೊಟ್ಟಿ ಬಡಿಯೋದು ಕಿವಿಲೇ ಅಲ್ಲಲ್ರಿ?"

ಅವ್ವಾರು ನಕ್ಕರು. ಹುಡುಗಿಯ ಕೈಗೆ ಹಿಟ್ಟು ಕೊಟ್ಟರು. ಅವಳು ಬಡಿದ ಜೋಳದ ರೊಟ್ಟಿ ಹೆಂಚಿನ ಮೇಲೆ ಬುಗ್ಗೆಯಂತೆ ಉಬ್ಬಿತು. ಅದರ ಜೊತೆ ನಾನೂ ಉಬ್ಬಿದೆ. "ಹದಿನೈದು ದಿನ ನೋಡ್ತೀನ್ರಿ," ಅಂದರು ಅವ್ವಾರು. "ಮುಂಜಾನಿ ರೊಟ್ಟಿ ಬಡೀಲಿ, ಮಧ್ಯಾಹ್ನ ಬಡಿಸ್ಲಿ. ಬರೋಬ್ಬರಿ ಆತು, ಇರ್ಲಿ. ಇಲ್ಲಾಂದ್ರ ನೀವೂ ಬ್ಯಾಸರ ಮಾಡ್ಕೋಬ್ಯಾಡ್ರಿ."

ಮರುದಿನ ಹುಡುಗಿ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಬಸ್ಸಿನಿಂದ ಇಳಿದಳು. ಖಾನಾವಳಿಗೆ ಕೆಲಸಕ್ಕೆ ಬರುವವಳಿಗೆ ಡಬ್ಬಿ ಏಕೆ ಎಂದು ಸನ್ನೆಯಲ್ಲಿ ಕೇಳಿದೆ. ನನ್ನ ಸನ್ನೆ ಅರ್ಧ ಕಲಿತದ್ದು, ಅರ್ಧ ನಾನೇ ಹುಟ್ಟಿಸಿದ್ದು, ಆದರೂ ಅವಳಿಗೆ ತಿಳಿಯುತ್ತದೆ. ಕೆಲಸಕ್ಕೆ ಹೋಗುವವರೆಲ್ಲ ಡಬ್ಬಿ ಒಯ್ಯುತ್ತಾರೆ, ನಾನೂ ಒಯ್ದೆ ಎಂದಳು. ಡಬ್ಬಿ ಖಾಲಿ! ನಾನು ಅಲ್ಲೇ ಬಸ್ ನಿಲ್ದಾಣದಲ್ಲಿ ಅವಳನ್ನು ತಬ್ಬಿಕೊಂಡುಬಿಟ್ಟೆ.

ಅವ್ವಾರೇ ಕೂತು ಸನ್ನೆಗಳನ್ನು ಗೊತ್ತುಮಾಡಿದರು. ಅಂಗೈ ಚಪ್ಪಾಳೆಯಂತೆ ತಟ್ಟಿದರೆ ರೊಟ್ಟಿ, ಬೆರಳು ಗುಂಡಗೆ ಮಾಡಿದರೆ ಪಲ್ಯ, ಹೆಬ್ಬೆರಳು ಬಾಯಿಗೆ ಹೋದರೆ ಮಜ್ಜಿಗೆ. ತಟ್ಟೆಗೆ ಕೈ ಅಡ್ಡ ಹಿಡಿದರೆ ಸಾಕು ಅಂತ ಅರ್ಥ, ಬಡಿಸಬಾರದು, ಅನ್ನ ಚೆಲ್ಲಬಾರದು. ಗಿರಾಕಿಗಳೂ ಕಲಿತರು. ಮಾತು ಬರುವವರೇ ಒಬ್ಬರಿಗೊಬ್ಬರು ಕೈಸನ್ನೆ ಮಾಡಿ ಉಪ್ಪು ಕೇಳತೊಡಗಿದರು. ನಾನು ಹೆಲ್ಮೆಟ್ಟಿನೊಳಗೆ ಹಾಡುತ್ತ ಬಸವಕಲ್ಯಾಣಕ್ಕೆ ಮರಳಿದೆ. ನನ್ನ ಹಾಡು ಹೊರಗೆ ಯಾರಿಗೂ ಕೇಳಿಸದಿದ್ದುದು ಅವರ ಪುಣ್ಯ.

ವಾರ ಕಳೆಯುವಷ್ಟರಲ್ಲಿ ಫೋನು ಬಂತು.

"ಮೇಡಂ, ಗಿರಾಕಿ ಮುಖ ಸಣ್ಣ ಮಾಡ್ಕೊಂಡು ಎದ್ದು ಹೊಂಟಾರ್ರಿ," ಎಂದರು ಅವ್ವಾರು. "ಯಾಕ್ರಿ ಅಂದ್ರ ಏನಿಲ್ಲ ಅಂತಾರ. ರೊಟ್ಟಿ ದಿನಾ ಉಳೀಲಾಕತ್ತಾವ. ಇಕಿ ಬಂದ ಮ್ಯಾಲೇ ಹಿಂಗ ಆಗ್ಯಾದ."

ಮರುದಿನ ಊಟದ ಹೊತ್ತಿಗೆ ಹುಮನಾಬಾದಿಗೆ ಓಡಿದೆ. ಖಾನಾವಳಿಗೆ ಹೋಗುವ ದಾರಿಯಲ್ಲೇ ಒಂದು ಮಿರ್ಚಿ ಭಜಿಯ ಬಂಡಿ. ಅದರ ಮರೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬರು ಗಬಗಬ ತಿನ್ನುತ್ತಿದ್ದರು. ನೋಡಿದರೆ ತೊಗರಿ ಅಡತಿ ಅಂಗಡಿಯ ಸಾವುಕಾರರು, ಅವ್ವಾರ ಖಾನಾವಳಿಯ ಹಳೆಯ ಗಿರಾಕಿ!

"ಏನ್ರಿ ಸಾವುಕಾರ್ರೆ, ಊಟ ಆದ ಮ್ಯಾಲ ಮಿರ್ಚಿ?"

"ಮೆಲ್ಲಕ ಮಾತಾಡ್ರಿ," ಎಂದರು ಸಾವುಕಾರರು, ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ. "ಊಟ ಎಲ್ಲಿ ಆಗ್ಯಾದ? ಎರಡ್ ರೊಟ್ಟಿಗಿ ಎದ್ದು ಬಂದೀನಿ. ಅವ್ವಾರ ಕೈ ಈಗ ಭಾಳ ಬಿಗಿ ಆಗ್ಯಾದ್ರಿ."

"ಬೇಕಂತ ಕೇಳಬೇಕಿಲ್ರಿ?"

"ಕೇಳೂದಾ!" ಸಾವುಕಾರರಿಗೆ ಸಿಟ್ಟೇ ಬಂತು. "ನನಗ ಇನ್ನೊಂದ್ ರೊಟ್ಟಿ ಹಾಕು ಅಂತ ಬಾಯಿ ಬಿಟ್ಟು ಕೇಳೂದೇನ್ರಿ? ನಮಗ ಇಜ್ಜತ್ ಇಲ್ಲೇನು?"

ನನಗೆ ಇನ್ನೂ ಹೊಳೆಯಲಿಲ್ಲ. ಒಳಗೆ ಹೋಗಿ ನಾನೇ ಊಟಕ್ಕೆ ಕೂತೆ. ಶೇಂಗಾ ಹಿಂಡಿ, ಪುಂಡಿಪಲ್ಯ, ಬಿಸಿ ರೊಟ್ಟಿ. ಹುಡುಗಿ ಮೂರನೆಯ ರೊಟ್ಟಿ ತಂದಳು. ನಾನು ಹುಟ್ಟಿನಿಂದ ಬಂದ ಅಭ್ಯಾಸದಂತೆ "ಬ್ಯಾಡ ಬ್ಯಾಡ" ಎಂದು ಕೈ ಅಡ್ಡ ಹಿಡಿದೆ. ಹುಡುಗಿ ನಕ್ಕು ತಲೆಯಾಡಿಸಿ ಮುಂದಿನ ಸಾಲಿಗೆ ಹೋದಳು. ನಾನು ರೊಟ್ಟಿಯ ಹಿಂದೆಯೇ ನೋಡುತ್ತ ಕೂತೆ. ಅಯ್ಯೋ ಶಿವನೇ, ನನಗೆ ಆ ರೊಟ್ಟಿ ಬೇಕಿತ್ತು!

ಆಮೇಲೆ ನನಗೆ ಬಂದ ನಗು ಎಂಥದ್ದೆಂದರೆ, ನೀರು ನೆತ್ತಿಗೇರಿ ಪಕ್ಕದವರು ಬೆನ್ನು ತಟ್ಟಬೇಕಾಯಿತು. ನಮ್ಮ ಕಡೆ ಮೊದಲ ಸಲಕ್ಕೇ ಹೂಂ ಅನ್ನುವವರುಂಟೇ? ಬ್ಯಾಡ ಅನ್ನಬೇಕು. ಬಡಿಸುವವರು ನಮ್ಮಾಣೆ, ಅರ್ಧ ಆದರೂ ಹಾಕಿಕೊಳ್ಳಿ ಅನ್ನಬೇಕು. ಸಾಕ್ರಿ ಸಾಕ್ರಿ ಎಂದು ನಾವು ಕೈ ಅಡ್ಡ ತರಬೇಕು, ಅವರು ಕೈ ಸರಿಸಿ ಇಡಬೇಕು. ಆಗಲೇ ಅದು ಊಟ. ಊರಿಗೆ ಊರೇ ಹೀಗೆ ಸುಳ್ಳು 'ಬ್ಯಾಡ' ಹೇಳಿಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಈ ಹುಡುಗಿ ಬಂದು ಎಲ್ಲರ ಮಾತನ್ನೂ ನಂಬಿಬಿಟ್ಟಿದ್ದಳು.

ಅವಳಿಗೆ ಹೇಗೆ ಗೊತ್ತಾಗಬೇಕು? ಮದುವೆ, ಸೀಮಂತ ಅಂತ ಮನೆಯವರು ಹೋಗುವಾಗ ಅವಳನ್ನು ಮನೆ ಕಾಯಲು ಬಿಟ್ಟು ಹೋಗುತ್ತಿದ್ದರು. ಒತ್ತಾಯ ಮಾಡಿ ಅವಳಿಗೆ ಯಾರೂ ಬಡಿಸಿರಲೇ ಇಲ್ಲ. ಅದು ನೆನಪಾಗಿ ಕಣ್ಣು ತುಂಬಿ ಬಂತು.

ಗಿರಾಕಿಗಳೆಲ್ಲ ಹೋದ ಮೇಲೆ ಬಾಗಿಲು ಅರ್ಧ ಮುಚ್ಚಿ ಪಾಠ ಶುರುವಾಯಿತು. ಸಾವುಕಾರರನ್ನು ಮಿರ್ಚಿ ಬಂಡಿಯಿಂದ ಎಳೆದು ತಂದು ತಟ್ಟೆಯ ಮುಂದೆ ಕೂರಿಸಿದೆ.

"ಸುಳ್ಳು 'ಬ್ಯಾಡ' ಹ್ಯಾಂಗ ಅಂತೀರಿ, ಮಾಡಿ ತೋರಸ್ರಿ," ಎಂದೆ.

"ಯವ್ವಾ, ಬೇಕಂತ ಮಾಡಂದ್ರ ಬರಂಗಿಲ್ರಿ," ಎಂದು ನಾಚಿಕೊಂಡರು. ಆದರೆ ಅವ್ವಾರು ತುಪ್ಪದ ಪಾತ್ರೆ ತಂದು ಮುಂದಿಟ್ಟದ್ದೇ ತಡ, ತಾನಾಗಿ ಬಂತು. ಕೈ ಬ್ಯಾಡ ಅನ್ನುತ್ತಿತ್ತು, ಆದರೆ ತಟ್ಟೆಯಿಂದ ಗೇಣುದ್ದ ಮೇಲೆ, ಬೆರಳು ಬಿಡಿಬಿಡಿ. ಮೈ ಮುಂದಕ್ಕೆ ಬಾಗಿತ್ತು. ಕಣ್ಣು ತುಪ್ಪ ಬಿಟ್ಟು ಕದಲುತ್ತಿರಲಿಲ್ಲ. ನಿಜವಾದ ಬ್ಯಾಡ ಹೇಗೆ ಎಂದರೆ, ಹಿಂದಕ್ಕೆ ಒರಗಿ ಕೂತು ಗೋಡೆಯ ಗಡಿಯಾರ ನೋಡಿದರು. ಹುಡುಗಿ ಎರಡನ್ನೂ ನೋಡಿದಳು. ಆಮೇಲೆ ತಾನೇ ಸಾವುಕಾರರ ಜಾಗದಲ್ಲಿ ಕೂತು, ಹೊಟ್ಟೆ ಉಬ್ಬಿಸಿ, ಇಲ್ಲದ ಮೀಸೆ ತೀಡಿ, ಬೆರಳ ಸಂದಿಯಿಂದ ತುಪ್ಪ ನೋಡುತ್ತ ಕೈಯಾಡಿಸಿದಳು. ಅವ್ವಾರು ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡರು. ಸಾವುಕಾರರು "ನಾ ಹಿಂಗ ಅದೀನೇನ್ರಿ?" ಎಂದು ನನ್ನನ್ನು ಕೇಳಿದರು. ಹೌದ್ರಿ ಎಂದೆ.

ಮರುದಿನದಿಂದ ಒಂದು ರೊಟ್ಟಿಯೂ ಉಳಿಯಲಿಲ್ಲ. ನಾನು ಗೆದ್ದೆ ಎಂದುಕೊಂಡು ಕುಣಿದಾಡಿದೆ. ಸ್ವಲ್ಪ ಬೇಗನೇ ಕುಣಿದೆ.

ಏಕೆಂದರೆ ಅದೇ ವಾರ ಖಾನಾವಳಿಗೆ ಒಬ್ಬ ಸಾಹೇಬರು ಬಂದರು. ಬಿಳಿ ಅಂಗಿ, ದೊಡ್ಡ ಹುದ್ದೆ, ಪಾಪ ಹೊಟ್ಟೆ ಕೆಟ್ಟಿತ್ತು. ಮಜ್ಜಿಗೆ ಅನ್ನ ಉಂಡು ಹೋಗೋಣವೆಂದು ಬಂದವರು. ಹೊಟ್ಟೆನೋವಿಗೆ ಮುಂದಕ್ಕೆ ಬಾಗಿ ಕೂತಿದ್ದರು. ಬಾಗಿ ಕೂತವರನ್ನು ಹುಡುಗಿ ಬಿಟ್ಟಾಳೆಯೇ? ಹೋಳಿಗೆ ಇಟ್ಟಳು. ಅವರು ಕೈಯಾಡಿಸಿದರು. ಇನ್ನೊಂದಿಟ್ಟಳು. ಅವರು ಇನ್ನಷ್ಟು ಬಾಗಿದರು. ತುಪ್ಪ ತಂದಳು. ಸಾಹೇಬರು ಎದ್ದು ಕೈ ತೊಳೆಯುವ ನಳದತ್ತ ಓಡಿದರು, ಇವಳು ತುಪ್ಪದ ಸೌಟು ಹಿಡಿದು ಬೆನ್ನಟ್ಟಿದಳು. ಬಾಗಿಲಲ್ಲಿ ಇಬ್ಬರೂ ಡಿಕ್ಕಿ ಹೊಡೆದು, ತುಪ್ಪವೆಲ್ಲ ಬಿಳಿ ಅಂಗಿಯ ಮೇಲೆ.

ಇಷ್ಟೂ ನನಗೆ ಫೋನಿನಲ್ಲಿ ಹೇಳಿದವರು ಅವ್ವಾರೇ. ನಾನು ನಗು ತಡೆಯಲಾರದೆ ಕಿಸಕ್ಕೆಂದೆ. ಅವರು ನಗಲಿಲ್ಲ.

"ಎಲ್ಲರ ಮುಂದ ನನ್ನ ಮರ್ಯಾದಿ ಹೋಯ್ತ್ರಿ. ನಾಳಿಂದ ಬರಬ್ಯಾಡ ಅಂತ ಆಕಿಗಿ ಎರಡೂ ಕೈ ಮಾಡಿ ಹೇಳಿ ಕಳಿಸೀನಿ," ಎಂದರು. ಅವರ ದನಿ ಕಟ್ಟಿತ್ತು. ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಇಟ್ಟುಬಿಟ್ಟರು.

ಹುಡುಗಿಯ ಅವ್ವ ಹೇಳಿದ ಮಾತು ಕಿವಿಯಲ್ಲಿ ಗುಂಯ್‌ಗುಡತೊಡಗಿತು. ಮತ್ತೊಮ್ಮೆ ಹಿಂದಕ್ಕೆ ಕಳಿಸಿಬಿಟ್ಟಿದ್ದರು, ಮುಗಿಯಿತು. ಬೆಳಿಗ್ಗೆ ಚಹಾ ಕೂಡ ಕುಡಿಯದೆ ಸ್ಕೂಟರು ಹತ್ತಿದೆ. ಅವ್ವಾರಿಗೆ ಅನ್ನಬೇಕಾದ ಬೈಗುಳಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಬೈಗುಳ ಮುಗಿದ ಮೇಲೆ ಕಾಲಿಗೆ ಬೀಳುವುದೆಂದೂ ನಿಶ್ಚಯಿಸಿದೆ. ಕೋಲು ಊರುತ್ತ ಖಾನಾವಳಿಯ ಬಾಗಿಲು ದಾಟಿದೆನೋ ಇಲ್ಲವೋ, ಒಳಗಿನಿಂದ ಟಪಟಪ ರೊಟ್ಟಿ ಬಡಿಯುವ ಸದ್ದು ಕೇಳಿತು.

ಹುಡುಗಿ ಒಲೆಯ ಮುಂದೆ ಕೂತಿದ್ದಳು! ಇಸ್ತ್ರಿ ಮಾಡಿದ ಬಟ್ಟೆ, ಕೆನ್ನೆಯ ಮೇಲೆ ಹಿಟ್ಟು. ಅವ್ವಾರು ಗಲ್ಲೆಯ ಹಿಂದೆ ಕಕ್ಕಾಬಿಕ್ಕಿಯಾಗಿ ಕೂತಿದ್ದರು.

"ಮೊದಲನೇ ಬಸ್ಸಿಗೇ ಬಂದು ಕುಂತಾಳ್ರಿ," ಎಂದರು ನನ್ನನ್ನು ನೋಡಿ. "ಬ್ಯಾಡ ಅಂತ ಹೇಳೀನ್ರಿ ಮೇಡಂ. ಸಾಫ್ ಹೇಳೀನಿ. ತಿಳಿದಿಲ್ಲೇನು ಇಕಿಗಿ? ನೀವ ಕೇಳ್ರಿ."

ನಾನು ಅವಳ ಮುಂದೆ ಕೂತು ಸನ್ನೆಯಲ್ಲಿ ಕೇಳಿದೆ. ಅವ್ವಾರು ಬರಬೇಡ ಅಂದರಲ್ಲ, ತಿಳಿಯಲಿಲ್ಲವೇ? ತಿಳಿಯಿತು ಎಂದು ತಲೆಯಾಡಿಸಿದಳು. ಮತ್ತೇಕೆ ಬಂದೆ?

ಹುಡುಗಿ ಎದ್ದಳು. ಅಂಗೈಯ ಹಿಟ್ಟು ಕೊಡವಿದಳು. ಅವ್ವಾರ ಹಾಗೆ ಸೊಂಟ ನೆಟ್ಟಗೆ ಮಾಡಿ ನಿಂತು, ಎರಡೂ ಕೈ ಜೋರಾಗಿ ಆಡಿಸಿ, ಬ್ಯಾಡ, ಬ್ಯಾಡ, ಹೋಗು ಎಂದಳು. ಹಾಗೆ ಆಡಿಸುತ್ತಲೇ ಮುಖ ಅತ್ತ ತಿರುಗಿಸಿದಳು. ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ಓರೆಗಣ್ಣಿನಲ್ಲಿ ಬಾಗಿಲ ಕಡೆ ನೋಡಿದಳು, ಹೋಗುತ್ತಿರುವವಳು ಒಮ್ಮೆ ತಿರುಗಿ ನೋಡಲಿ ಎಂಬಂತೆ. ಅಷ್ಟು ಮಾಡಿ ನನ್ನ ಕಡೆ ತಿರುಗಿ, ಸಾವುಕಾರರು ದಿನವೂ ಕೂರುವ ಜಾಗವನ್ನು ಬೆರಳು ಮಾಡಿ ತೋರಿಸಿದಳು.

"ಏನಂತಾಳ್ರಿ ಇಕಿ?" ಎಂದರು ಅವ್ವಾರು. ಅವರಿಗೆ ತಿಳಿದಿತ್ತು, ಸುಮ್ಮನೆ ಕೇಳಿದರು.

"ನಿಮ್ಮ 'ಬ್ಯಾಡ' ಸುಳ್ಳು ಅಂತಾಳ್ರಿ."

ಅವ್ವಾರು ಗಲ್ಲೆಯ ಮೇಲಿನ ಧೂಳು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಹೌದ್ರಿ, ಸುಳ್ಳ ಅದ," ಎಂದರು ಕೊನೆಗೆ, ನಗುತ್ತ ಅಳುತ್ತ. "ಇಷ್ಟು ವರ್ಷದಾಗ ನನ್ನ ಮಾರಿ ನೋಡಿ ಮಾತು ಹಿಡದವ್ರು ಯಾರೂ ಇಲ್ರಿ. ಮನ್ಯಾಗಿನವ್ರೂ ಇಲ್ಲ."

"ಹದಿನೈದು ದಿನ ಇನ್ನಾ ಆಗಿಲ್ರಿ ಅವ್ವಾರೆ," ಎಂದೆ ಮೆಲ್ಲಗೆ.

"ಆ ಹದಿನೈದು ದಿನ ನೀವ ಸ್ಕೂಟರ್ ಮ್ಯಾಲ ಹೇರ್ಕೊಂಡು ಹೋಗ್ರಿ. ಇಕಿ ಇಲ್ಲೇ ಇರ್ತಾಳ."

ಅದನ್ನು ಹುಡುಗಿಗೆ ಸನ್ನೆಯಲ್ಲಿ ಹೇಳೋಣವೆಂದು ಎರಡೂ ಕೈ ಎತ್ತಿದೆ. ಖುಷಿಗೆ ನನ್ನ ಕೈಗಳು ತೊದಲುತ್ತಿದ್ದವು, ಒಂದು ಸನ್ನೆಯೂ ನೆಟ್ಟಗೆ ಮೂಡಲಿಲ್ಲ. ಅವಳು ನನ್ನ ಕೈಗಳನ್ನು ನೋಡಲೂ ಇಲ್ಲ. ಅವ್ವಾರ ಮುಖವನ್ನು ಒಂದು ಸಲ ನೋಡಿ, ಕೂತು, ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.