ವನಿತಾ ಕಂಪನಿಗೆ ಕೇಳಿದ ಆರು ಪ್ರಶ್ನೆ

ಊರಿಗಾಂನ ನಮ್ಮ ಲೈನಿನಲ್ಲಿ ಒಬ್ಬರ ಮನೆಯಲ್ಲಿ ಒಗ್ಗರಣೆ ಬಿದ್ದರೆ ಆಚೆ ಮನೆಯವರು ಸೀನುತ್ತಾರೆ. ಹಿಂದೆ ಗಣಿಯವರಿಗೆಂದು ಕಟ್ಟಿದ, ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳು. ವನಿತಾ ನನ್ನ ಬಲಗಡೆ ಮನೆಯವಳು. ಅವಳ ಹೊಲಿಗೆ ಯಂತ್ರದ ಸದ್ದು ಕೇಳುತ್ತಲೇ ನಾನು ಹನ್ನೊಂದು ವರ್ಷದಿಂದ ಅಂಗನವಾಡಿಯ ರಿಜಿಸ್ಟರ್ ಬರೆದುಕೊಂಡು ಬಂದಿದ್ದೇನೆ. ಸದ್ದು ನಿಂತರೆ ನನ್ನ ಪೆನ್ನೂ ನಿಲ್ಲುತ್ತದೆ.

ಹೋದ ವರ್ಷ ಆ ಸದ್ದು ಆಗಾಗ ನಿಲ್ಲತೊಡಗಿತು. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ವನಿತಾ ಬಿದ್ದಿದ್ದಳು. ಬಲಮಂಡಿಗೆ ಪೆಟ್ಟು. ಊತ ಇಳಿಯಿತು, ನೋವು ಇಳಿಯಲಿಲ್ಲ. ಡಾಕ್ಟರು ಇನ್ನು ಕಾಲಲ್ಲಿ ಮಷೀನ್ ತುಳಿಯಬೇಡ ಎಂದರು. ಹೊಲಿಗೆ ಬಿಟ್ಟು ಬೇರೆ ಏನಾದರೂ ನೋಡಿಕೋ ಎಂದೂ ಸೇರಿಸಿದರು. ಹೇಳುವುದಕ್ಕೇನು, ಅವರ ಹೆಂಡತಿ ಬ್ಲೌಸ್ ಬೇರೆ ಎಲ್ಲೋ ಹೊಲಿಸುತ್ತಾಳೆ.

ಪರಿಹಾರ ಇತ್ತು. ಮಷೀನಿಗೆ ಒಂದು ಮೋಟರ್ ಕೂರಿಸಿದರೆ ಸಾಕು, ತುಳಿಯುವ ಕೆಲಸವಿಲ್ಲ, ಪಾದದ ತುದಿಯಲ್ಲಿ ಒತ್ತಿದರೆ ಓಡುತ್ತದೆ. ಆಂಡರ್ಸನ್‌ಪೇಟೆ ಅಂಗಡಿಯಲ್ಲಿ ಎರಡು ಸಾವಿರ ಚಿಲ್ಲರೆ. ಅವಳ ಗಂಡ ರಾಜ್‌ಕುಮಾರ್ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿನ ಗೋಡೌನಿಗೆ ಹೋಗುವವನು. ಅವನ ಸಂಬಳ ಬರುವ ಮೊದಲೇ ಅದು ಹೋಗುವ ಕಡೆಯೆಲ್ಲ ನಿಗದಿಯಾಗಿರುತ್ತದೆ. "ಬರೋ ತಿಂಗ್ಳು ತಂದ್‌ಬಿಡಾನ" ಎಂದು ಮೂರು ತಿಂಗಳು ಹೇಳಿದ. ಕೆಟ್ಟವನಲ್ಲ. ಬರುವ ತಿಂಗಳು ಎಂಬುದನ್ನು ನಿಜವಾಗಿಯೂ ನಂಬುವವನು. ಆದರೆ ಮೋಟರ್ ಬಾರದಿದ್ದರೆ ವನಿತಾ ಹೊಲಿಗೆ ಬಿಡಬೇಕು, ಹೊಲಿಗೆ ಬಿಟ್ಟರೆ ಅವಳದು ಎನ್ನುವ ದುಡಿಮೆಯೇ ಇಲ್ಲ. ಮದುವೆಯಾಗಿ ಬೂದಿಕೋಟೆಯಿಂದ ಬಂದಾಗ ಅವಳು ತಂದದ್ದು ಆ ಮಷೀನು ಮತ್ತು ಆ ಕಸುಬು, ಎರಡೇ.

"ಬರೋ ತಿಂಗ್ಳಿಗೆ ಕಾಯಾಕ್ ಆಗಲ್ಲ ಕಣಕ್ಕಾ. ನಾನೇ ತಗೋತೀನಿ" ಎಂದು ಒಂದು ದಿನ ನನಗೆ ಹೇಳಿದಳು. ಹೇಗೆ ಎಂದು ಕೇಳಿದೆ. ಫೋನ್ ತೋರಿಸಿದಳು.

ಬಂಗಾರಪೇಟೆಯಲ್ಲಿರುವ ಅವಳ ತಂಗಿ ಸಹನ ಹಾಕಿಕೊಟ್ಟ ಆ್ಯಪ್ ಅದು. ಯಾವುದೋ ಕಂಪನಿ ಪ್ರಶ್ನೆ ಕೇಳುತ್ತದೆ: ಯಾವ ಸೋಪು, ಯಾವ ಟೀ ಪುಡಿ, ಯಾವ ಸೀರಿಯಲ್. ಉತ್ತರ ಒತ್ತಿದರೆ ಪಾಯಿಂಟು. ಎರಡು ಸಾವಿರ ಪಾಯಿಂಟಾದರೆ ಎರಡು ಸಾವಿರ ರೂಪಾಯಿಯ ವೋಚರ್, ಅದರಲ್ಲಿ ಆನ್‌ಲೈನಿನಲ್ಲಿ ಏನು ಬೇಕಾದರೂ ತರಿಸಬಹುದು. ನನಗೆ ನಂಬಿಕೆ ಬರಲಿಲ್ಲ. ಮನೆಯಲ್ಲಿ ನಮ್ಮ ಅಭಿಪ್ರಾಯವನ್ನು ಪುಕ್ಕಟೆ ಕೊಟ್ಟರೂ ಕೇಳುವವರಿಲ್ಲ, ದುಡ್ಡು ಕೊಟ್ಟು ಕೇಳುವ ಪುಣ್ಯಾತ್ಮ ಯಾರು?

ಮೊದಲ ತಿಂಗಳು ಅವಳನ್ನು ಆ ಆ್ಯಪ್ ಬಾಗಿಲಿನಿಂದಲೇ ವಾಪಸು ಕಳಿಸಿತು. ಕಾರು ಇದೆಯೇ? ಇಲ್ಲ. ವಿಮಾನದಲ್ಲಿ ಹೋಗಿದ್ದೀರಾ? ಇಲ್ಲ. ತಿಂಗಳಿಗೆ ಶಾಂಪೂ ಎಷ್ಟು ಬಾಟಲಿ? ಇವಳು ಕೊಳ್ಳುವುದು ಒಂದು ರೂಪಾಯಿಯ ಸ್ಯಾಶೆ, ಅದಕ್ಕೆ ಒತ್ತುವ ಜಾಗವೇ ಇಲ್ಲ. ಹತ್ತು ನಿಮಿಷ ಕೇಳಿಸಿಕೊಂಡು ಕೊನೆಗೆ, "ಧನ್ಯವಾದ, ಈ ಸಮೀಕ್ಷೆಗೆ ನೀವು ಹೊಂದುವುದಿಲ್ಲ." ಆ ಕನ್ನಡವೋ, ದೇವರಿಗೇ ಪ್ರೀತಿ. "ಈ ಬಿಸ್ಕತ್ತು ಕೊಳ್ಳಲು ನೀವು ಎಷ್ಟು ಸಂಭವನೀಯರು?" ಎಂದು ಕೇಳಿತ್ತು ಒಂದು ಸಲ. ವನಿತಾ ನನ್ನ ಮುಖ ನೋಡಿದಳು, ನಾನು ಫೋನಿನ ಮುಖ ನೋಡಿದೆ.

"ಕಾರೈತೆ ಅಂತ ಒತ್ತೇ, ಯಾರು ಬಂದ್ ನೋಡ್ತಾರೆ?" ಎಂದಳು ಸಹನ, ಫೋನಿನಲ್ಲಿ.

"ಇವತ್ತು ಕಾರೈತೆ ಅಂದ್ರೆ ನಾಳೆ ಅದ್ಕೆ ಪೆಟ್ರೋಲ್ ಎಷ್ಟಾಕ್ತೀಯ ಅಂತಾರೆ. ಇಲ್ದಿರೋ ಕಾರ್ನ ಎಷ್ಟ್ ದಿನ ಓಡ್ಸ್ಲಿ ನಾನು?" ಎಂದಳು ವನಿತಾ.

ಅಲ್ಲಿಂದ ಅವಳು ತನಗೆ ಹೊಂದುವುದನ್ನೇ ಹುಡುಕಿದಳು. ಬಟ್ಟೆ ಸೋಪು, ಅಡುಗೆ ಎಣ್ಣೆ, ಮಕ್ಕಳ ಟಿಫನ್, ದಾರ, ಸೀರೆ. ಅನ್ನಕ್ಕಿಟ್ಟು ಕುಕ್ಕರ್ ಕೂಗುವವರೆಗೆ ಒಂದು ಸಮೀಕ್ಷೆ, ನಲ್ಲಿ ನೀರಿನ ಸರದಿಯಲ್ಲಿ ಇನ್ನೊಂದು. ಹತ್ತು ಪಾಯಿಂಟು, ಇಪ್ಪತ್ತು, ಅಪರೂಪಕ್ಕೆ ನಲವತ್ತು. ಅವಳ ಮನೆಯಲ್ಲಿ ಸಿಗ್ನಲ್ ಆಗಾಗ ಕೈಕೊಡುತ್ತಿತ್ತು. ನನ್ನ ಮಗಳು ಲಿಖಿತಳ ಓದಿಗೆಂದು ನಮ್ಮ ಮನೆಗೆ ವೈಫೈ ಹಾಕಿಸಿದ್ದೆವು. ಹಾಗಾಗಿ ಅವಳು ನಮ್ಮ ಜಗಲಿಗೆ ಬಂದು ಕೂತಳು.

ತಪ್ಪು ಅಲ್ಲಿಂದ ಶುರುವಾಯಿತು, ಮತ್ತು ಅದು ಅವಳದಲ್ಲ, ನಮ್ಮದು. ಒಬ್ಬಳು ಜಗಲಿಯಲ್ಲಿ ಕೂತು ಫೋನ್ ಒತ್ತುತ್ತಿದ್ದರೆ ಉಳಿದವರು ಸುಮ್ಮನಿರುತ್ತೇವೆಯೇ? ಮೊದಲು ನಾನು ಸೇರಿದೆ. ಆಮೇಲೆ ಬಟ್ಟೆ ಅಂಗಡಿಗೆ ಹೋಗುವ ಎಡಗಡೆ ಮನೆ ಕಲಾ. ಕೊನೆಗೆ ಮೂಲೆಮನೆಯ ಕದಿರಮ್ಮ, ಅರವತ್ತು ದಾಟಿದವರು. ನಾಲ್ವರಿಗೂ ನನ್ನದೇ ವೈಫೈ, ನಾಲ್ವರಿಗೂ ಒಂದೇ ಲೈನಿನ ವಿಳಾಸ. ಸಾಲದ್ದಕ್ಕೆ ಕದಿರಮ್ಮನಿಗೆ ಓದುವುದು ನಿಧಾನ. ವನಿತಾಳ ಪಕ್ಕದಲ್ಲಿ ಕೂತು ಅವಳ ಬೆರಳು ಎಲ್ಲಿ ಬೀಳುತ್ತದೋ ಅಲ್ಲೇ ತಮ್ಮ ಬೆರಳೂ ಇಟ್ಟು, "ನಂದೂ ಆಯ್ತು" ಎನ್ನುತ್ತಿದ್ದರು. ಎಷ್ಟು ನಕ್ಕಿದ್ದೆವು!

ಐದನೇ ತಿಂಗಳಿಗೆ ವನಿತಾಳ ಪಾಯಿಂಟು ಎರಡು ಸಾವಿರದ ಹತ್ತು ಆಯಿತು. ನಾವೆಲ್ಲ ಸುತ್ತ ಕೂತಿದ್ದೆವು. ವೋಚರ್ ಎಂಬ ಕಡೆ ಒತ್ತಿದಳು. ಪರದೆ ಕೆಂಪಾಯಿತು. ಒಬ್ಬರೇ ವ್ಯಕ್ತಿ ನಾಲ್ಕು ಹೆಸರಿನಲ್ಲಿ ಖಾತೆ ತೆರೆದಿರುವುದು ಕಂಡುಬಂದಿದೆ, ನಾಲ್ಕೂ ಖಾತೆಗಳನ್ನು ತಡೆಹಿಡಿಯಲಾಗಿದೆ, ಪಾಯಿಂಟುಗಳು ಸಲ್ಲುವುದಿಲ್ಲ.

ವನಿತಾ ಎದ್ದು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮಷೀನಿನ ಸದ್ದು ಕೇಳಿತು, ಒಂದು ಥರಾ ಅಡ್ಡಾದಿಡ್ಡಿಯಾಗಿ. ಹೋಗಿ ನೋಡಿದರೆ ಎಡಗಾಲಲ್ಲಿ ತುಳಿಯುತ್ತಿದ್ದಳು. ನನಗೆ ನಾಚಿಕೆಯಿಂದ ಸತ್ತಂತಾಯಿತು. ಮೋಟರ್ ದುಡ್ಡು ನಾನು ಕೊಡುತ್ತೇನೆ ಎಂದೆ.

"ನೀನ್ ಕೊಟ್ರೆ ಅದು ನಿನ್ ಮೋಟರ್ರು ಕಣಕ್ಕಾ" ಎಂದಳು, ತಲೆ ಎತ್ತದೆ. "ನಾನು ಒತ್ತಿರೋದು ಎರಡ್ ಸಾವ್ರ ಐತಲ್ಲ, ಅದ್ ಬರ್ಬೇಕು."

ಸಂಜೆ ಎದುರು ಮನೆಯ ಕುಪ್ಪುಸ್ವಾಮಿ ಅಣ್ಣ ಕರೆದು ಸಮಾಧಾನ ಹೇಳಿದರು. ಗಣಿ ಕಂಪನಿ ಮುಚ್ಚುವವರೆಗೂ ಅಲ್ಲಿ ದುಡಿದವರು, ಕನ್ನಡದ ನಡುವೆ ತಮಿಳು ಬರುತ್ತದೆ. "ವುಡು ಮಾ, ಬಿಟ್ಬಿಡು. ಕಂಪ್ನಿ ಅಂದ್ರೆ ಅಷ್ಟೇ. ನಾವ್ ಪಾಕ್ಲಿಯಾ, ನೋಡಿಲ್ವಾ? ಬಾಗ್ಲು ಮುಚ್ಚಿದ್ರೆ ಮುಚ್ದಂಗೇ. ಪೋಚು ಮಾ, ಹೋಯ್ತು."

"ನೀವು ಎಷ್ಟ್ ಸಲ ತಟ್ಟಿದ್ರಿ ಅಣ್ಣಾ, ಬಾಗ್ಲು?" ಎಂದು ಕೇಳಿದಳು ವನಿತಾ.

ಇವಳು ತಟ್ಟಲು ಶುರುಮಾಡಿದಳು. ದಿನಕ್ಕೊಂದು ಪತ್ರ, ಆ್ಯಪಿನ ಸಹಾಯ ಎಂಬ ಕಿಂಡಿಯಲ್ಲಿ. ಇವಳು ಹೇಳುವುದು, ನಾನು ತಿದ್ದುವುದು. ಪ್ರತಿ ಸಲವೂ ಒಂದೇ ಉತ್ತರ: ನಿಮ್ಮ ಅನುಭವ ನಮಗೆ ಮುಖ್ಯ. ನಾಲ್ಕು ಹೆಂಗಸರೂ ಅವರವರ ಬಾಗಿಲ ಮುಂದೆ, ಮನೆ ನಂಬರ್ ಕಾಣುವಂತೆ ನಿಂತ ಫೋಟೋ ಕಳಿಸಿದೆವು. ಕದಿರಮ್ಮ ಅದಕ್ಕೆಂದು ಹೊಸ ಸೀರೆ ಉಟ್ಟಿದ್ದರು. ನಿಮ್ಮ ಅನುಭವ ನಮಗೆ ಮುಖ್ಯ.

ಒಂಬತ್ತನೇ ಪತ್ರಕ್ಕೆ ಬೇರೆ ಉತ್ತರ ಬಂತು. ಕೆಳಗಿನ ಸಾಲಿಗೆ ಗುರುತು ಹಾಕಿದರೆ ನಿಮ್ಮ ಖಾತೆ ಮತ್ತು ಪಾಯಿಂಟು ವಾಪಸು. ಸಾಲು ಇದು: "ಉಳಿದ ಮೂರು ಖಾತೆಗಳೂ ನನ್ನವೇ, ತಪ್ಪಿನಿಂದ ನಾನೇ ತೆರೆದೆ ಎಂದು ಒಪ್ಪುತ್ತೇನೆ." ಏಳು ದಿನದ ಗಡುವು.

"ಒತ್ತು" ಎಂದಳು ಕಲಾ. "ಒತ್ತು" ಎಂದೆ ನಾನು. ಕದಿರಮ್ಮ ತಮ್ಮ ಬೆರಳನ್ನೇ ತಂದು ಪರದೆಯ ಮೇಲೆ ಇಡಲು ಹೋದರು. "ಒತ್ತಮ್ಮೀ. ನಾನಿಲ್ಲ ಅಂತ ಬರ್ಕೊಟ್ರೆ ನಾನೇನ್ ಸತ್ತೋಯ್ತೀನಾ? ನಿನ್ ಕಾಲು ಮುಖ್ಯ."

ವನಿತಾ ಫೋನನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು. "ಇಷ್ಟ್ ದೊಡ್ ಮನುಷ್ಯೆ ಕಣ್ಮುಂದೆ ಕೂತಿರೋವಾಗ ಇಲ್ಲ ಅಂತ ಎಂಗೆ ಏಳ್ಲಿ ಅಜ್ಜೀ? ಇಲ್ದಿರೋ ಕಾರು ಐತೆ ಅನ್ಲಿಲ್ಲ ನಾನು. ಇರೋ ಜನ ಇಲ್ಲ ಅಂತೀನಾ?"

ನನಗೆ ಅವಳ ಮೇಲೆ ಸಿಟ್ಟು ಬಂತು. ನಿಜ ಹೇಳುತ್ತೇನೆ, ನಮ್ಮ ತಪ್ಪು ತೊಳೆದುಹೋಗುವ ಒಂದೇ ದಾರಿ ಅದಾಗಿತ್ತು, ಅವಳು ಅದನ್ನು ಮುಚ್ಚಿದಳು. ಆ ದಿನ ನಾನು ಅವಳೊಂದಿಗೆ ಮಾತಾಡಲಿಲ್ಲ. ಮಾರನೆಯ ದಿನ ಅವಳೇ ನನ್ನ ರಿಜಿಸ್ಟರಿನಿಂದ ಒಂದು ಹಾಳೆ ಕಿತ್ತುಕೊಂಡು ಬಂದು ಕೂತಳು.

"ಅಕ್ಕಾ, ಐದ್ ತಿಂಗ್ಳು ಅವ್ರು ಕೇಳಿದ್ರು, ನಾನ್ ಏಳ್ದೆ. ಈಗ ನಾನ್ ಕೇಳ್ತೀನಿ. ಅವ್ರು ಕೇಳ್ದಂಗೇ ಬರಿ."

ಬರೆದೆ. ಇವತ್ತಿಗೂ ಆ ಹಾಳೆ ನನ್ನ ಬಳಿ ಇದೆ.

"ಈ ಸಮೀಕ್ಷೆಗೆ ಎರಡು ನಿಮಿಷ ಸಾಕು. ಒಂದು: ಒಂದು ವೈಫೈಯಲ್ಲಿ ಎಷ್ಟು ಜನ ಇರಬಹುದು? ಒಬ್ಬರು, ಇಬ್ಬರು, ಲೈನಿನವರೆಲ್ಲ. ಎರಡು: ನಾವು ಕಳಿಸಿದ ಫೋಟೋಗಳನ್ನು ನೋಡಿದ್ದೀರಾ? ನೋಡಿದೆವು, ನೋಡಲಿಲ್ಲ, ಫೋಟೋ ನೋಡುವವರು ಯಾರೂ ಇಲ್ಲ. ಮೂರು: ನೋಡಿದ್ದರೆ ಅವುಗಳಲ್ಲಿ ಎಷ್ಟು ಹೆಂಗಸರಿದ್ದರು? ನಾಲ್ಕು: ನಿಮ್ಮ ಅಕ್ಕಪಕ್ಕದ ಮನೆಯವರ ಹೆಸರು ನಿಮಗೆ ಗೊತ್ತೇ? ಐದು: ಅವರು ಇಲ್ಲವೇ ಇಲ್ಲ ಎಂದು ಬರೆದುಕೊಟ್ಟರೆ ಎರಡು ಸಾವಿರ ಸಿಗುತ್ತದೆ ಎಂದರೆ ಬರೆದುಕೊಡಲು ನೀವು ಎಷ್ಟು ಸಂಭವನೀಯರು? ಆರು: ಇದನ್ನು ಓದುತ್ತಿರುವುದು ಮನುಷ್ಯರೇ? ಹೌದು ಎಂದಾದರೆ ದಯವಿಟ್ಟು ಫೋನ್ ಮಾಡಿ. ಇಲ್ಲ ಎಂದಾದರೆ, ಧನ್ಯವಾದ, ಈ ಸಮೀಕ್ಷೆಗೆ ನೀವು ಹೊಂದುವುದಿಲ್ಲ."

ಕಳಿಸಿದಳು. ಗಡುವಿನ ಏಳು ದಿನ ಮುಗಿಯಿತು. ಎಂಟನೇ ದಿನವೂ ಕಳಿಸಿದಳು, ಅದನ್ನೇ. ಒಂಬತ್ತನೇ ದಿನವೂ. ನಡುವೆ ಎಡಗಾಲಲ್ಲಿ ತುಳಿದು ಬ್ಲೌಸ್ ಹೊಲಿಯುತ್ತಲೇ ಇದ್ದಳು, ಹೊಲಿಗೆ ಸೊಟ್ಟಗಾದರೆ ಬಿಚ್ಚುತ್ತಿದ್ದಳು. ಎಡ ಸೊಂಟವೂ ಹಿಡಿದುಕೊಂಡಿತು. ರಾಜ್‌ಕುಮಾರ್ ಒಂದು ಭಾನುವಾರ ನೋಡಲಾರದೆ ಮಷೀನಿನ ಬೆಲ್ಟು ಬಿಚ್ಚಿಟ್ಟ. ಸೋಮವಾರ ಅವನು ರೈಲು ಹತ್ತುವ ಹೊತ್ತಿಗೆ ಇವಳು ಅದನ್ನು ಮತ್ತೆ ಹಾಕಿದ್ದಳು.

ಹನ್ನೆರಡನೇ ದಿನ ಮಧ್ಯಾಹ್ನ ಫೋನ್ ಬಂತು. ವನಿತಾಳಿಗಲ್ಲ, ಕದಿರಮ್ಮನಿಗೆ. ಅವರು ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಓಡಿಬಂದರು. ಸ್ಪೀಕರಿಗೆ ಹಾಕಿದೆ. ಕಂಪನಿಯ ಹುಡುಗಿ, ಬೆಂಗಳೂರಿನ ಕನ್ನಡ.

"ಕದಿರಮ್ಮ ಅವರಾ? ಸಮೀಕ್ಷೆ ಬಗ್ಗೆ ಎರಡು ಪ್ರಶ್ನೆ ಕೇಳ್ಬೇಕಿತ್ತು. ದಿನಕ್ಕೆ ಎರಡು ಸಲ ಟೀ ಕುಡೀತೀವಿ ಅಂತ ಉತ್ತರ ಕೊಟ್ಟಿದ್ದೀರ. ಯಾವ ಟೀ ಪುಡಿ ಮೇಡಂ?"

ಯಾರಾದರೂ ಕೇಳಿದರೆ ಹೀಗೆ ಹೀಗೆ ಹೇಳಿ ಎಂದು ವನಿತಾಳ ಉತ್ತರವನ್ನೆಲ್ಲ ಕಲಾ ಕದಿರಮ್ಮನಿಗೆ ಮೊದಲೇ ಬಾಯಿಪಾಠ ಮಾಡಿಸಿದ್ದಳು. ನಾನು ಕೈ ಸನ್ನೆ ಮಾಡಿದೆ, ಹೇಳಿ ಹೇಳಿ ಎಂದು. ಕದಿರಮ್ಮ ನನ್ನನ್ನು ನೋಡಿದರು, ಬಾಗಿಲಲ್ಲಿ ಬಂದು ನಿಂತಿದ್ದ ವನಿತಾಳನ್ನು ನೋಡಿದರು.

"ನಾನು ಟೀನೇ ಕುಡಿಯಲ್ಲ ಕಣಮ್ಮ" ಎಂದರು. "ರಾಗಿ ಗಂಜಿ ಕುಡೀತೀನಿ. ನಂಗೆ ಓದಾಕೆ ತಡ ಆಗ್ತೈತೆ, ಅದ್ಕೆ ವನಿತಾ ಒತ್ತಿದ್ ಕಡೆ ನೋಡ್ಕೊಂಡ್ ಒತ್ತಿದೆ. ಕಾಪಿ ಒಡ್ದೋಳು ನಾನು. ಅವ್ಳಿಗೆ ಗೊತ್ತಿದ್ರೂ ನಾನಿಲ್ಲ ಅಂತ ಬರ್ಕೊಡ್ಲಿಲ್ಲ. ನನ್ನ ಬೇಕಾದ್ರೆ ತೆಗೆದಾಕು. ಅವ್ಳ ತಂಟೆಗೆ ಬರ್ಬೇಡ."

ಕೆಟ್ಟಿತು ಎಂದುಕೊಂಡೆ ನಾನು.

"ಅಂದ್ರೆ ನೀವು ವನಿತಾ ಅಲ್ಲ" ಎಂದಳು ಹುಡುಗಿ ನಿಧಾನವಾಗಿ.

"ನಾನ್ಯಾಕೆ ವನಿತಾ ಆಗ್ಲಿ? ನಂಗೆ ಕಾಲು ಸರ್ಯಾಗೈತೆ!"

ಆ ಹುಡುಗಿ ನಕ್ಕುಬಿಟ್ಟಳು. ಆಮೇಲೆ ನನಗೆ, ಕಲಾಗೆ, ಕೊನೆಗೆ ವನಿತಾಳಿಗೆ ಫೋನ್ ಮಾಡಿ, ಆ ಆರು ಪ್ರಶ್ನೆ ಓದಿದವಳು ತಾನೇ ಎಂದಳು. ಅದೇ ಕಂಪನಿಯಲ್ಲಿ ಅಷ್ಟು ದಿನದಿಂದ ಒಬ್ಬ ಮನುಷ್ಯೆ ಕೂತಿದ್ದಳು, ಅವಳವರೆಗೆ ಹೋಗಲು ಅಷ್ಟು ತಟ್ಟಬೇಕಾಯಿತು.

ವಾರದೊಳಗೆ ಮೂರು ಖಾತೆ ತೆರೆದುಕೊಂಡವು. ಕದಿರಮ್ಮನದು ಮುಚ್ಚಿಹೋಯಿತು, ಮುನ್ನೂರ ನಲವತ್ತು ಪಾಯಿಂಟಿನೊಂದಿಗೆ. ವನಿತಾ ಅದಕ್ಕೂ ಪತ್ರ ಬರೆಯುತ್ತೇನೆಂದು ಹೊರಟಳು. "ಓಗ್ಲಿ ಬಿಡೇ. ಕಾಪಿ ಒಡ್ದಿದ್ದು ನಿಜ ತಾನೇ?" ಎಂದು ಕದಿರಮ್ಮನೇ ಗದರಿಸಿದರು.

ವೋಚರಿನಲ್ಲಿ ತರಿಸಿದ ಮೋಟರ್ ಬಂದ ದಿನ ರಾಜ್‌ಕುಮಾರ್ ರಜೆ ಹಾಕಿ ಅದನ್ನು ಕೂರಿಸಿದ. ವನಿತಾ ಕೂತು ಬಲಪಾದದ ತುದಿಯಿಂದ ಮೆಲ್ಲಗೆ ಒತ್ತಿದಳು. ಮಷೀನು ಹುಚ್ಚು ಹಿಡಿದಂತೆ ಓಡಿ ತೋಳಿನ ಬಟ್ಟೆಯ ಮೇಲೆಲ್ಲ ದಾರ ಚೆಲ್ಲಿತು. ಎಲ್ಲರೂ ಹೋ ಎಂದರು. ಅವಳು ಆ ಹೊಲಿಗೆಯನ್ನೆಲ್ಲ ಬಿಚ್ಚಿದಳು, ಬಟ್ಟೆಯನ್ನು ಮತ್ತೆ ಸೂಜಿಯ ಕೆಳಗಿಟ್ಟಳು, ಮತ್ತೆ ಒತ್ತಿದಳು. ಈ ಸಲ ಸದ್ದು ಒಂದೇ ಸಮ ಬಂತು. ನನಗೆ ಅಳು ತಡೆಯಲಾಗಲಿಲ್ಲ. ಅವಳು ನನ್ನ ಕಡೆ ನೋಡಲೂ ಇಲ್ಲ. ಮಂಡಿ ಅಲುಗಾಡದೆ ಸುಮ್ಮನಿರುವುದನ್ನೇ ನೋಡುತ್ತಾ ಕೂತಿದ್ದಳು.